ಅತ್ತೆಯ ಮಾತ್ರೆ ಡಬ್ಬ ಮತ್ತು 112ಕ್ಕೆ ಇಳಿದ ಸೋಡಿಯಂ

ಹೋದ ವಾರ ಅತ್ತೆಯ ರಕ್ತದ ರಿಪೋರ್ಟ್ ಬಂತು. ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನಂಶ, 137. "ಇನ್ನು ತಿಂಗಳು ಬಿಟ್ಟು ಬನ್ನಿ, ಸಾಕು" ಅಂದರು ಡಾಕ್ಟರು. ಆಸ್ಪತ್ರೆ, ಇನ್ಶೂರೆನ್ಸ್, ಫಾರ್ಮು ತುಂಬುವುದು ಎಲ್ಲ ಒಂದು ಹಂತಕ್ಕೆ ಬಂದಿದೆ. ಮರೆಯುವ ಮೊದಲು ಬರೆದುಬಿಡೋಣ ಅಂತ ಕೂತಿದ್ದೇನೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದು, ದಿನಕ್ಕೆ ಐದಾರು ಮಾತ್ರೆ ನುಂಗುತ್ತಿದ್ದರೆ ಇದು ಉಪಯೋಗಕ್ಕೆ ಬರಬಹುದು. ನಾನು ಡಾಕ್ಟರಲ್ಲ. ಅವರು ಹೇಳಿದ್ದನ್ನು ಕೇಳಿ, ಅರ್ಥವಾಗದ್ದನ್ನು ಮತ್ತೆ ಕೇಳಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ನಮ್ಮ ಅತ್ತೆಗೆ 76 ವರ್ಷ. ಅರಸೀಕೆರೆಯಲ್ಲಿ ಮೈದುನನ ಜೊತೆ ಇರುತ್ತಾರೆ. ನಾವು ಹಾಸನದಲ್ಲಿ. ಅತ್ತೆಗೆ ಬಿಪಿ ಬಂದು ಬಹಳ ವರ್ಷ ಆಯ್ತು. ಆಮ್ಲೋಡಿಪಿನ್ ಅನ್ನುವ ಮಾತ್ರೆ ತಗೊಳ್ಳುತ್ತಿದ್ದರು, ಏನೂ ತೊಂದರೆ ಇರಲಿಲ್ಲ. ಎರಡು ವರ್ಷದ ಹಿಂದೆ ಡೋಸ್ ಜಾಸ್ತಿ ಆಯ್ತು. ಆಮೇಲೆ ಕಾಲು ಊದಲು ಶುರುವಾಯ್ತು. ಸಂಜೆ ಹೊತ್ತಿಗೆ ಚಪ್ಪಲಿ ಕಾಲಿಗೆ ಹೋಗುತ್ತಿರಲಿಲ್ಲ. ಊರಿನ ಡಾಕ್ಟರು ಬಿಪಿ ಮಾತ್ರೆಯ ಜೊತೆಗೆ ಮೂತ್ರ ಹೋಗುವ ಮಾತ್ರೆಯೂ ಸೇರಿರುವ ಹೊಸ ಮಾತ್ರೆ ಬರೆದರು. ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಝೈಡ್ ಎರಡೂ ಒಂದೇ ಮಾತ್ರೆಯಲ್ಲಿ. ಊತ ಸ್ವಲ್ಪ ಇಳಿಯಿತು. ಆದರೆ ಅತ್ತೆ ಸುಸ್ತು ಸುಸ್ತು ಅನ್ನಲು ಶುರು ಮಾಡಿದರು. ಬಿಸಿಲು, ವಯಸ್ಸು, ಅಂದುಕೊಂಡೆವು.

ಈ ನಡುವೆ ಮಾವ ತೀರಿಕೊಂಡರು. ಅತ್ತೆಗೆ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಮೈದುನ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಮನಸ್ಸಿಗೆ ಸಮಾಧಾನ ಆಗಲಿ ಅಂತ ಎಸಿಟಲೋಪ್ರಾಮ್, ನಿದ್ದೆಗೆ ಕ್ಲೋನಾಝೆಪಾಮ್ ಕೊಟ್ಟರು. ಮಂಡಿ ನೋವಿಗೆ ಮೂಳೆ ಡಾಕ್ಟರು ಬರೆದ ನೋವಿನ ಮಾತ್ರೆ ಬೇರೆ ಇತ್ತು. ಅದು ಹೊಟ್ಟೆ ಉರಿಸುತ್ತದೆ ಅಂತ ಗ್ಯಾಸಿನ ಮಾತ್ರೆ. ಒಬ್ಬೊಬ್ಬ ಡಾಕ್ಟರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾಗಿಯೇ ಬರೆದಿದ್ದರು. ಎಲ್ಲ ಚೀಟಿಯನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಮನಸ್ಸಿನ, ನಿದ್ದೆಯ ಈ ಹೊಸ ಮಾತ್ರೆಗಳು ಶುರುವಾಗಿ ತಿಂಗಳು ಕೂಡ ಆಗಿರಲಿಲ್ಲ. ಒಂದು ಭಾನುವಾರ ನಾವು ಅರಸೀಕೆರೆಗೆ ಹೋಗಿದ್ದೆವು. ಅತ್ತೆ ಹೂ ಕಟ್ಟುತ್ತಾ ಕೂತಿದ್ದರು. ಅವರು ಹೂ ಕಟ್ಟುವುದನ್ನು ನೋಡಬೇಕು. ಟೀವಿ ನೋಡಿಕೊಂಡೇ, ಕೈ ನೋಡದೆ ಮಾರುಗಟ್ಟಲೆ ಕಟ್ಟಿಬಿಡುತ್ತಾರೆ. ಅವತ್ತು ಎರಡು ಮಲ್ಲಿಗೆ ಮೊಗ್ಗು ಇಟ್ಟರು, ದಾರ ಸುತ್ತಿದರು, ಗಂಟು ಬೀಳಲಿಲ್ಲ. ಬಿಚ್ಚಿದರು. ಮತ್ತೆ ಮೊಗ್ಗು ಇಟ್ಟರು. ದಾರವನ್ನು ಬೆರಳಿಗೇ ಸುತ್ತಿಕೊಂಡು ಸುಮ್ಮನೆ ನೋಡುತ್ತಾ ಕೂತರು. "ಏನತ್ತೆ?" ಅಂದರೆ, "ಇದು ಹೆಂಗೆ ಅಂತ ಗೊತ್ತಾಗ್ತಿಲ್ಲ ಕಣಮ್ಮ" ಅಂದರು. ನನಗೆ ಎದೆ ಧಸಕ್ಕೆಂದಿತು.

ಬಂದವರೆಲ್ಲ ಹೇಳಿದ್ದು ಒಂದೇ ಮಾತು, ಅರವತ್ತಕ್ಕೆ ಅರಳು ಮರಳು. ಎಪ್ಪತ್ತಾರಕ್ಕೆ ಕೇಳಬೇಕಾ ಅಂತ ನಗು ಬೇರೆ. ಇನ್ನು ಕೆಲವರು ಮಾವ ಹೋದ ಕೊರಗು ಅಂದರು. ಒಂದು ಕ್ಲಿನಿಕ್‌ನಲ್ಲಿ ಮರೆವಿಗೆ ಅಂತ ಇನ್ನೊಂದು ಮಾತ್ರೆಯನ್ನೂ, ವಾಕರಿಕೆಗೆ ಮತ್ತೊಂದನ್ನೂ ಬರೆದುಕೊಟ್ಟರು. ಮರೆವಿನ ಮಾತ್ರೆ ತಂದಿಟ್ಟಿದ್ದೆವು, ಶುರು ಮಾಡಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಿದ್ದರು.

ಇಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ವಯಸ್ಸಾದವರ ಮರೆವು ನಿಧಾನವಾಗಿ, ತಿಂಗಳು ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ಹೋದ ವಾರ ಸರಿಯಿದ್ದವರು ಈ ವಾರ ಗಲಿಬಿಲಿ ಮಾಡಿಕೊಂಡರೆ ಅದು ಬೇರೆ ಕಥೆ. ಸೋಂಕಿರಬಹುದು, ಶುಗರ್ ಇಳಿದಿರಬಹುದು, ತಲೆಗೆ ಪೆಟ್ಟಾಗಿರಬಹುದು, ಮಾತ್ರೆಯಿಂದ ಆಗಿರಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ತಡ ಮಾಡುವ ಹಾಗಿಲ್ಲ.

ರಾತ್ರಿ ಬಚ್ಚಲಿಗೆ ಎದ್ದವರು ಬಾಗಿಲ ಹೊಸ್ತಿಲ ಹತ್ತಿರ ಬಿದ್ದಿದ್ದರು. ಹಣೆ ಒಡೆದಿತ್ತು. ಮಾತು ತೊದಲುತ್ತಿತ್ತು. ಮೈದುನ ಕಾರಿನಲ್ಲಿ ಹಾಸನಕ್ಕೆ ಕರೆತಂದ. ನಾವು ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದೆವು. ಎಮರ್ಜೆನ್ಸಿಯಲ್ಲಿ ಮೊದಲು ಬೆರಳು ಚುಚ್ಚಿ ಶುಗರ್ ನೋಡಿದರು. ಇಸಿಜಿ ಆಯ್ತು. ಸ್ಟ್ರೋಕ್ ಇರಬಹುದು, ತಲೆಯಲ್ಲಿ ರಕ್ತ ಕಟ್ಟಿರಬಹುದು ಅಂತ ಸಿಟಿ ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನಿಗೆ ಮುಂಚೆಯೇ ದುಡ್ಡು ಕಟ್ಟಬೇಕಿತ್ತು, ಮೂರೂವರೆ ಸಾವಿರ. ಸ್ಕ್ಯಾನ್ ನಾರ್ಮಲ್. ಎಲ್ಲರೂ ಉಸಿರು ಬಿಟ್ಟೆವು. ಹೊಲಿಗೆ ಹಾಕಿಸಿ ಮನೆಗೆ ಹೋಗೋಣ ಅಂತ ಮೈದುನ ಅಂದ. ಡ್ಯೂಟಿ ಡಾಕ್ಟರು, ಚಿಕ್ಕ ಹುಡುಗ, "ರಕ್ತದ ರಿಪೋರ್ಟ್ ಬರೋವರೆಗೂ ಬಿಡಲ್ಲ" ಅಂತ ಪಟ್ಟು ಹಿಡಿದ. ಆ ಹುಡುಗನಿಗೆ ಪುಣ್ಯ ಬರಲಿ. ಬೆಳಗಿನ ಜಾವ ರಿಪೋರ್ಟ್ ಬಂತು. ಸೋಡಿಯಂ 112. ಇರಬೇಕಾದ್ದು 135ರಿಂದ 145.

"ಏನೇನು ಮಾತ್ರೆ ತಗೊಳ್ತಾರೆ?" ಅಂತ ಕೇಳಿದರು. ಮೈದುನ "ಬಿಪಿದು, ಬಿಳೀದು, ಚಿಕ್ಕದು" ಅಂದ. ಅಷ್ಟು ಹೊತ್ತಿನಲ್ಲಿ ಯಾರಿಗೆ ತಾನೇ ಹೆಸರು ನೆನಪಿರುತ್ತದೆ? ಕೊನೆಗೆ ಮನೆಯಲ್ಲಿದ್ದ ಓರಗಿತ್ತಿಗೆ ಫೋನ್ ಮಾಡಿ, ಮಾತ್ರೆ ಇಡುವ ಬಿಸ್ಕತ್ ಡಬ್ಬವನ್ನು ಮಂಚದ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ಕಳಿಸು ಅಂದೆವು. ಮುಂಭಾಗದ ಫೋಟೋದಲ್ಲಿ ಬ್ರ್ಯಾಂಡಿನ ಹೆಸರು ಮಾತ್ರ ದೊಡ್ಡದಾಗಿರುತ್ತದೆ. ಒಳಗೆ ಏನಿದೆ ಅನ್ನುವುದು ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅರ್ಧ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಅದೂ ಇರುವುದಿಲ್ಲ. ಮೆಡಿಕಲ್ ಶಾಪಿನವರು ಆರು ಮಾತ್ರೆ ಕತ್ತರಿಸಿ ಕೊಡುವಾಗ ಹೆಸರಿರುವ ತುಂಡು ಅವರ ಹತ್ತಿರವೇ ಉಳಿದಿರುತ್ತದೆ. ಕೇಳಿ, ಹೆಸರು ಇರುವ ಕಡೆಯದ್ದನ್ನೇ ಕೊಡಿ ಅಂತ. ಇಲ್ಲದಿದ್ದರೆ ಬಿಲ್ಲಾದರೂ ಕೇಳಿ ಇಟ್ಟುಕೊಳ್ಳಿ.

ಫೋಟೋ ನೋಡಿದ ಮೇಲೆ ಫಿಸಿಶಿಯನ್ ಬಂದು ವಿವರಿಸಿದರು. ಉಪ್ಪು ಕಮ್ಮಿ ತಿಂದು ಹೀಗಾಗಿದೆ ಅಂತ ನಾವು ತಿಳಿದಿದ್ದೆವು. ಬಿಪಿಗೆ ಅಂತ ಅತ್ತೆ ಸಪ್ಪೆ ತಿನ್ನುತ್ತಿದ್ದದ್ದು ನಿಜ. ಆದರೆ ಮುಖ್ಯ ಕಾರಣ ಬೇರೆ ಅಂದರು. ಮೂತ್ರದ ಮಾತ್ರೆ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ತಳ್ಳುತ್ತದೆ. ಮನಸ್ಸಿನ ಮಾತ್ರೆಯಿಂದ ಕೆಲವರಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ. ನೋವಿನ ಮಾತ್ರೆ ಅದಕ್ಕೆ ಕೈಜೋಡಿಸುತ್ತದೆ. ಅದರ ಮೇಲೆ "ಚೆನ್ನಾಗಿ ನೀರು ಕುಡೀರಿ" ಅಂತ ಎಲ್ಲರೂ ಹೇಳಿ ಹೇಳಿ ಅತ್ತೆ ಚೊಂಬುಗಟ್ಟಲೆ ಕುಡಿಯುತ್ತಿದ್ದರು. ಸಾರಿಗೆ ನೀರು ಜಾಸ್ತಿ ಬೆರೆಸಿದರೆ ಹೇಗೆ ಸಪ್ಪಗಾಗುತ್ತೋ ಹಾಗೆ ರಕ್ತ ಆಗಿದೆ ಅಂದರು. ವಯಸ್ಸಾದ ಹೆಂಗಸರು, ಅದರಲ್ಲೂ ಸಣಕಲು ಮೈಯವರಿಗೆ ಇದು ಬೇಗ ಆಗುತ್ತದಂತೆ. ಅತ್ತೆ 43 ಕೆಜಿ.

ಇದನ್ನು ಕೇಳಿದ ಚಿಕ್ಕತ್ತೆ ಮಾರನೇ ದಿನ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಕಟ್ಟಿಕೊಂಡು ಐಸಿಯು ಬಾಗಿಲಿಗೆ ಬಂದರು. ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. ಅವರಿಗೆ ಇವತ್ತಿಗೂ ಬೇಜಾರಿದೆ.

ಐಸಿಯುನಲ್ಲಿ ಶೇಕಡಾ 3ರ ಸಲೈನನ್ನು ಮಷಿನ್ ಮೂಲಕ ಹನಿ ಹನಿಯಾಗಿ ಕೊಟ್ಟರು. ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ಸೋಡಿಯಂ ನೋಡುತ್ತಿದ್ದರು. ಮೊದಲ ದಿನ ಮುಗಿದಾಗ 118. ಇಷ್ಟೇನಾ ಅಂತ ನಮ್ಮ ಮನೆಯವರಿಗೆ ಸಿಟ್ಟು ಬಂತು. "ಬೇಗ ಏರಿಸೋಕೆ ಆಗಲ್ವಾ ಸಾರ್? ಬಿಲ್ ಏರಿಸೋಕೆ ಹೀಗೆ ಮಾಡ್ತಿದೀರಾ?" ಅಂತ ಕೇಳಿಯೇ ಬಿಟ್ಟರು. ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ಬಹಳ ದಿನ ಕಮ್ಮಿ ಇದ್ದ ಸೋಡಿಯಂ ಒಮ್ಮೆಲೇ ಏರಿದರೆ ಮೆದುಳಿನ ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ, ಕೈಕಾಲು ಬಿದ್ದುಹೋಗಬಹುದು, ನುಂಗುವುದು ನಿಲ್ಲಬಹುದು, ಆಗ ಸರಿ ಮಾಡುವುದು ಕಷ್ಟ ಅಂದರು. 24 ಗಂಟೆಯಲ್ಲಿ 8ಕ್ಕಿಂತ ಜಾಸ್ತಿ ಏರದ ಹಾಗೆ ನೋಡಿಕೊಳ್ಳುತ್ತೇವೆ ಅಂದರು. ನಿಮಗೂ ಇಂಥ ಪರಿಸ್ಥಿತಿ ಬಂದರೆ ನಿಧಾನ ಯಾಕೆ ಅಂತ ಗಾಬರಿಯಾಗಬೇಡಿ. ಬೇಗ ಬೇಗ ಏರಿದರೆ ಗಾಬರಿಯಾಗಬೇಕು.

ನನಗೆ ಅತಿ ಕಷ್ಟವಾದದ್ದು ಆ ಎರಡನೇ ರಾತ್ರಿ. ಅತ್ತೆ ಸಲೈನ್ ಹೋಗಲು ಚುಚ್ಚಿದ್ದ ಕ್ಯಾನುಲಾ ಕಿತ್ತುಕೊಂಡರು ಅಂತ ಎರಡೂ ಕೈಯನ್ನು ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ನನ್ನನ್ನು ನೋಡಿ, "ನಾನೇನು ಕದ್ದೆ ಅಂತ ಕಟ್ಟಿಹಾಕಿದಾರೆ ಇವರು?" ಅಂದರು. ನಾನು ಹೊರಗೆ ಬಂದು ಅತ್ತುಬಿಟ್ಟೆ. ಆಮೇಲೆ ಹಿರಿಯ ನರ್ಸ್ ಒಬ್ಬರು ಒಂದು ಉಪಾಯ ಹೇಳಿಕೊಟ್ಟರು. ಕನ್ನಡಕ ತಂದು ಹಾಕಿ, ಕಿವಿ ಮಷಿನ್ ಇದ್ದರೆ ಹಾಕಿ, ಪರಿಚಯದವರು ಒಬ್ಬರು ಪಕ್ಕದಲ್ಲಿ ಕೂತು ಇವತ್ತು ಯಾವ ವಾರ, ಈಗ ಎಷ್ಟು ಹೊತ್ತು, ಎಲ್ಲಿದ್ದೀರಿ ಅಂತ ಆಗಾಗ ಹೇಳ್ತಾ ಇರಿ ಅಂದರು. ಕೇಳಿದರೆ ಒಬ್ಬರನ್ನು ಒಳಗೆ ಬಿಡುತ್ತಾರೆ. ನಾವು ಸರದಿ ಪ್ರಕಾರ ಕೂತೆವು. ಕೈ ಬಿಚ್ಚಿದರು. ಸೋಡಿಯಂ 120 ದಾಟಿದ ಮೇಲೆ ಅತ್ತೆ ಅತ್ತೆಯಾಗುತ್ತಾ ಬಂದರು. "ಹಾಲು ತಗೊಂಡ್ರಾ ಮನೆಗೆ?" ಅಂತ ಕೇಳಿದಾಗ ಸಮಾಧಾನವಾಯ್ತು.

ವಾರ್ಡಿಗೆ ಬಂದ ಮೇಲೆ ಫಾರ್ಮ್ ಡಿ ಓದುತ್ತಿರುವ ಹುಡುಗಿ ಒಬ್ಬಳು ಬಂದಳು. ಹೀಗೊಂದು ಕೋರ್ಸ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ 2008ರಿಂದ ಇದೆಯಂತೆ. ಆರು ವರ್ಷ ಓದು, ಕೊನೆಯ ವರ್ಷ ಆಸ್ಪತ್ರೆಯಲ್ಲೇ. ರೋಗಿಗಳ ಮಾತ್ರೆ ಲೆಕ್ಕ ನೋಡುವುದೇ ಅವರ ಕೆಲಸ. "ಆಂಟಿ, ಅಜ್ಜಿ ಮನೇಲಿ ತಗೊಳ್ಳೋದೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ. ಮಾತ್ರೆ ಅಷ್ಟೇ ಅಲ್ಲ, ಕಣ್ಣಿನ ಡ್ರಾಪ್ಸು, ಎಣ್ಣೆ, ಚೂರ್ಣ, ಕಷಾಯ, ಎಲ್ಲಾನೂ" ಅಂದಳು. ಮೈದುನ ದೊಡ್ಡ ಬಟ್ಟೆ ಚೀಲ ತಂದ. ಹಾಸಿಗೆ ಮೇಲೆ ಹರಡಿದರೆ ಒಂದು ಸಣ್ಣ ಅಂಗಡಿ! ಗ್ಯಾಸಿನ ಮಾತ್ರೆ ಎರಡು ಬ್ರ್ಯಾಂಡಿನಲ್ಲಿ ಸಿಕ್ಕಿತು, ಒಳಗಿರುವುದು ಒಂದೇ ಪ್ಯಾಂಟೊಪ್ರಝೋಲ್. ಇಬ್ಬರು ಡಾಕ್ಟರು ಬರೆದದ್ದು, ಅತ್ತೆ ಎರಡನ್ನೂ ತಗೊಳ್ಳುತ್ತಿದ್ದರು. ನೋವಿನ ಮಾತ್ರೆಯೂ ಎರಡು ಥರ, ಒಂದು ಚೀಟಿಯದು, ಇನ್ನೊಂದು ಅಂಗಡಿಯಲ್ಲಿ ಕೇಳಿ ತಂದದ್ದು. ಮಾವನ ಹಳೇ ನೆಗಡಿ ಮಾತ್ರೆಯೂ ಅದರಲ್ಲೇ ಇತ್ತು.

ಆ ಹುಡುಗಿ ಒಂದು ಹಾಳೆಯಲ್ಲಿ ಉದ್ದ ಗೆರೆ ಎಳೆದಳು. ಯಾವ ಮಾತ್ರೆ ಯಾವಾಗ ಶುರುವಾಯ್ತು ಅಂತ ಗೆರೆಯ ಮೇಲೆ, ಅತ್ತೆಗೆ ಏನೇನು ಆಯ್ತು ಅಂತ ಗೆರೆಯ ಕೆಳಗೆ. ಮೆಡಿಕಲ್ ಶಾಪಿನ ಬಿಲ್ಲುಗಳಿಂದ ತಾರೀಕು ಸಿಕ್ಕಿತು. ಬರೆದು ಮುಗಿಸಿದಾಗ ನನಗೆ ಮೈ ಜುಂ ಅಂದಿತು. ಆಮ್ಲೋಡಿಪಿನ್ ಡೋಸ್ ಜಾಸ್ತಿ ಆದ ಮೇಲೆ ಕಾಲು ಊತ. ಅದು ಆ ಮಾತ್ರೆಯ ಗೊತ್ತಿರುವ ಅಡ್ಡ ಪರಿಣಾಮವಂತೆ. ಅದಕ್ಕೆ ಮೂತ್ರದ ಮಾತ್ರೆ. ಅದರ ಮೇಲೆ ಸುಸ್ತು. ಸುಸ್ತು, ದುಃಖ ಎರಡಕ್ಕೂ ಸೇರಿ ಮನಸ್ಸಿನ ಮಾತ್ರೆ. ಅದರ ಮೇಲೆ ಗಲಿಬಿಲಿ. ಗಲಿಬಿಲಿಗೆ ಮರೆವಿನ ಮಾತ್ರೆ ಮನೆಯಲ್ಲಿ ತಯಾರಾಗಿ ಕೂತಿತ್ತು. ಒಂದು ಮಾತ್ರೆಯ ತೊಂದರೆಯನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಮಾತ್ರೆ, ಅದರ ತೊಂದರೆಗೆ ಮತ್ತೊಂದು. ಅಮೆರಿಕದಲ್ಲಿ ಮಾರ್ಕ್ ಬಿಯರ್ಸ್ ಎಂಬ ಡಾಕ್ಟರು 1991ರಲ್ಲೇ ವಯಸ್ಸಾದವರಿಗೆ ಯಾವ ಔಷಧಿ ಆಗಿಬರುವುದಿಲ್ಲ ಅಂತ ಪಟ್ಟಿ ಮಾಡಿದ್ದರಂತೆ. 2023ರಲ್ಲಿ ಅದನ್ನು ಮತ್ತೆ ಹೊಸದು ಮಾಡಿದ್ದಾರೆ. ಅತ್ತೆಯ ನಿದ್ದೆ ಮಾತ್ರೆಯ ಜಾತಿಯದ್ದನ್ನು ಆದಷ್ಟೂ ಕೊಡಬೇಡಿ, ಬೀಳುತ್ತಾರೆ ಅಂತ ಅದರಲ್ಲಿದೆ. ಮೂತ್ರದ ಮಾತ್ರೆ, ಎಸಿಟಲೋಪ್ರಾಮ್ ಥರದ ಮಾತ್ರೆ ಕೊಟ್ಟರೆ ಸೋಡಿಯಂ ನೋಡುತ್ತಿರಿ ಅಂತಲೂ ಇದೆ.

ಮೂತ್ರದ ಮಾತ್ರೆ, ಮನಸ್ಸಿನ ಮಾತ್ರೆ ಆಸ್ಪತ್ರೆಯಲ್ಲೇ ನಿಂತವು. ನಿದ್ದೆ ಮಾತ್ರೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಲಿಲ್ಲ, ಅರ್ಧ, ಕಾಲು ಅಂತ ಇಳಿಸಿದರು. ಅಭ್ಯಾಸವಾದ ಮೈಗೆ ಅದು ದಿಢೀರ್ ನಿಂತರೆ ಫಿಟ್ಸ್ ಕೂಡ ಬರಬಹುದಂತೆ. ಇದನ್ನು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸುವುದಕ್ಕೂ ಡಾಕ್ಟರು ಬೇಕು. ಬಿಪಿಗೆ ಆಮ್ಲೋಡಿಪಿನ್ ಅರ್ಧಕ್ಕೆ ಇಳಿಯಿತು, ಜೊತೆಗೆ ಬರೀ ಟೆಲ್ಮಿಸಾರ್ಟನ್. ಕಾಲೂತ ಈಗ ಹೆಚ್ಚು ಕಮ್ಮಿ ಇಲ್ಲ. ಮನೋವೈದ್ಯರು ಅತ್ತೆಯನ್ನು ಕೂರಿಸಿಕೊಂಡು ಮಾತಾಡಿಸಿ, "ಗಂಡ ಹೋಗಿ ಆರು ತಿಂಗಳಾಗಿಲ್ಲ, ಅಳು ಬಂದರೆ ಅಳಲಿ, ಸದ್ಯಕ್ಕೆ ಮಾತ್ರೆ ಬೇಡ, ನಾನು ನೋಡ್ತಾ ಇರ್ತೀನಿ" ಅಂದರು.

ಡಿಸ್ಚಾರ್ಜ್ ದಿನ ಎರಡು ತಲೆನೋವು. ಒಂದು ಇನ್ಶೂರೆನ್ಸ್. ಕ್ಯಾಶ್‌ಲೆಸ್ ಅರ್ಜಿಗೆ ಒಪ್ಪಿಗೆ ಬಂದಿತ್ತು. ಕೊನೆಯ ಬಿಲ್ ಕಳಿಸಿದ ಮೇಲೆ "ಬಿಪಿ ಎಷ್ಟು ವರ್ಷದಿಂದ ಇದೆ, ದಾಖಲೆ ಕೊಡಿ" ಅಂತ ಪ್ರಶ್ನೆ ಬಂತು. ಪಾಲಿಸಿ ಮಾಡಿಸುವಾಗಲೇ ಬಿಪಿ ಅಂತ ಬರೆದಿದ್ದೆವು, ಕಾಯುವ ಅವಧಿಯೂ ಮುಗಿದಿತ್ತು. ಆದರೂ ಬೆಳಗ್ಗೆ ಡಿಸ್ಚಾರ್ಜ್ ಅಂದವರು ಸಂಜೆಯವರೆಗೂ ಕೂತೆವು. ಇಲ್ಲಿ ಒಂದು ವಿಷಯ ತಿಳಿದಿರಲಿ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಆಸ್ಪತ್ರೆ ಡಿಸ್ಚಾರ್ಜ್ ಬಿಲ್ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕು. ಅದು ಮೀರಿ ಆಸ್ಪತ್ರೆ ಜಾಸ್ತಿ ಚಾರ್ಜ್ ಮಾಡಿದರೆ ಅದನ್ನು ಕಂಪನಿಯೇ ಕಟ್ಟಬೇಕು. ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡುವ ಟಿಪಿಎ ಕೌಂಟರಿನಲ್ಲಿ ಈ ಮಾತು ಎತ್ತಿದ ಮೇಲೆ ಫೋನುಗಳು ಓಡಾಡಿದವು. ಒಟ್ಟು ಬಿಲ್ 84 ಸಾವಿರದ ಆಸುಪಾಸು. ಗ್ಲೌಸು, ಸಿರಿಂಜು ಅಂತೆಲ್ಲ ಕಳೆದು, ರೂಮಿನ ಮಿತಿ ಅಂತ ಕಳೆದು, ಕಂಪನಿ ಕೊಟ್ಟದ್ದು 61 ಸಾವಿರ. ಉಳಿದದ್ದು ನಮ್ಮ ಕೈಯಿಂದ. ಅದರ ಮೇಲೆ ಊಟ, ಪೆಟ್ರೋಲು, ಮೈದುನ ಅಂಗಡಿ ಮುಚ್ಚಿದ್ದು. ಅವನ್ನೆಲ್ಲ ಯಾರೂ ಲೆಕ್ಕ ಹಾಕುವುದಿಲ್ಲ.

ಇನ್ನೊಂದು ತಲೆನೋವು ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಸೋಡಿಯಂ ಕಮ್ಮಿಯಾಗಿತ್ತು, ಸರಿಪಡಿಸಿದೆವು ಅಂತ ಮಾತ್ರ ಇತ್ತು. ಯಾಕೆ ಕಮ್ಮಿಯಾಯ್ತು ಅಂತ ಇರಲಿಲ್ಲ. ವಾರ್ಡಿನಲ್ಲಿ ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ನಾಳೆ ನೋಡುವ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಮಾತ್ರೆಯಿಂದ ಆದದ್ದು ಅಂತ, ಮಾತ್ರೆಗಳ ಹೆಸರು ಸಮೇತ, ಮತ್ತೆ ಕೊಡಬಾರದು ಅನ್ನುವುದನ್ನೂ ಬರೆದುಕೊಡಿ ಅಂತ ಕೇಳಿದೆ. "ಸಿಸ್ಟಮ್‌ನಲ್ಲಿ ಲಾಕ್ ಆಗಿದೆ ಮೇಡಂ" ಅಂದರು. ಫಿಸಿಶಿಯನ್ ಒಪಿಡಿಗೆ ಬರುವವರೆಗೂ ಕಾಯ್ದು ಅವರ ಹತ್ತಿರವೇ ಹೇಳಿದೆ. ಅವರು ಒಪ್ಪಿದರು, ಆದರೆ ತಿದ್ದಿದ ಪ್ರತಿ ಕೈಗೆ ಬರಲು ವಾರ ಹಿಡಿಯಿತು. ಡಿಸ್ಚಾರ್ಜ್‌ಗೆ ಮುಂಚೆಯೇ ಡ್ರಾಫ್ಟ್ ತೋರಿಸಿ ಅಂತ ಕೇಳುವುದು ಸುಲಭದ ದಾರಿ.

ಎಲ್ಲ ಮುಗಿಯಿತು ಅಂದುಕೊಂಡಾಗ ಇನ್ನೊಂದು. ಊರಿನ ಮೆಡಿಕಲ್ ಶಾಪಿನ ಹುಡುಗ ಹೊಸ ಚೀಟಿ ನೋಡಿ, ಅದೇ ಬ್ರ್ಯಾಂಡು ಅಂತ ಹಳೇ ಮಾತ್ರೆಯನ್ನೇ ಕಟ್ಟಿಕೊಟ್ಟಿದ್ದ. ಬಿಪಿ ಮಾತ್ರೆಗಳಲ್ಲಿ ಒಂದೇ ಬ್ರ್ಯಾಂಡಿನ ಹೆಸರಿನ ಮುಂದೆ ಒಂದೊಂದು ಬಾಲ ಇರುತ್ತದೆ. ಟೆಲ್ಮಿಸಾರ್ಟನ್ ಇರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ 'ಎಚ್' ಅಂದರೆ ಹೈಡ್ರೋಕ್ಲೋರೋಥಯಾಝೈಡ್ ಸೇರಿದೆ, 'ಎಎಂ' ಅಂದರೆ ಆಮ್ಲೋಡಿಪಿನ್, 'ಸಿಟಿ' ಅಂದರೆ ಕ್ಲೋರ್ಥ್ಯಾಲಿಡೋನ್. ಕೊನೆಯದೂ ಮೂತ್ರದ ಮಾತ್ರೆಯೇ. ಓರಗಿತ್ತಿ ಫೋಟೋ ಕಳಿಸಿದ್ದಳು, ಅದರಲ್ಲಿ ಆ 'ಎಚ್' ಕಾಣಿಸಿತು. ಒಂದೇ ಒಂದು ಅಕ್ಷರ! ಅವತ್ತೇ ವಾಪಸ್ ಮಾಡಿಸಿದೆವು, ಮನೆಯಲ್ಲಿದ್ದ ಹಳೇ ಸ್ಟ್ರಿಪ್ಪುಗಳನ್ನೂ ಆಚೆ ಹಾಕಿದೆವು. ಮಾತ್ರೆ ತಂದ ತಕ್ಷಣ ಹಿಂದೆ ತಿರುಗಿಸಿ ಓದುವುದನ್ನು ರೂಢಿ ಮಾಡಿಕೊಳ್ಳಿ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಒಳಗಿರುವ ಔಷಧಿಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಬರುತ್ತದೆ. ಸಣ್ಣ ಅಕ್ಷರ ಕಾಣದವರಿಗೆ ಒಳ್ಳೆಯದು.

ಇನ್ನು ವರದಿ ಮಾಡುವ ವಿಷಯ. ಔಷಧಿಯಿಂದ ತೊಂದರೆಯಾದರೆ ಸರ್ಕಾರಕ್ಕೆ ತಿಳಿಸಬಹುದು, ರೋಗಿಯ ಮನೆಯವರೇ ತಿಳಿಸಬಹುದು ಅಂತ ಆ ಫಾರ್ಮ್ ಡಿ ಹುಡುಗಿಯೇ ಹೇಳಿದ್ದು. ಭಾರತದಲ್ಲಿ ಇದಕ್ಕೆ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಮಾತ್ರ. ಮೊಬೈಲ್ ಆ್ಯಪ್ ಕೂಡ ಇದೆ. ಹಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಇದರ ಕೇಂದ್ರಗಳಿವೆ, ಮೈಸೂರಿನ ಜೆಎಸ್‌ಎಸ್‌ನಲ್ಲೂ ಇದೆ. ಜನಸಾಮಾನ್ಯರ ಫಾರ್ಮು ಕನ್ನಡದಲ್ಲೇ ಸಿಗುತ್ತದೆ, ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯುವ ಹಾಗಿಲ್ಲ.

ಮೈದುನ ಮಾತ್ರ ಹಿಂದೇಟು ಹಾಕಿದ. "ಅತ್ತಿಗೆ, ನಮ್ಮ ಡಾಕ್ಟ್ರ ಮೇಲೆ ಕಂಪ್ಲೇಂಟ್ ಆಗಿಬಿಡುತ್ತೇನೋ. ಅಪ್ಪನ ಕಾಲದಿಂದ ನೋಡ್ತಿರೋರು." ಅವನ ಭಯ ಸಹಜವೇ. ಚಿಕ್ಕ ಊರಿನಲ್ಲಿ ನಾಳೆ ಅವರ ಬಾಗಿಲಿಗೇ ಹೋಗಬೇಕಲ್ಲ. ಇದು ದೂರು ಅಲ್ಲ, ಪರಿಹಾರದ ಅರ್ಜಿಯೂ ಅಲ್ಲ. ಯಾವ ಔಷಧಿ ಯಾವ ವಯಸ್ಸಿನವರಿಗೆ ಏನು ಮಾಡುತ್ತಿದೆ ಅಂತ ಲೆಕ್ಕ ಇಡುವುದು. ರೋಗಿಯ ಹೆಸರಿನ ಮೊದಲ ಅಕ್ಷರಗಳು ಮಾತ್ರ ಕೇಳುತ್ತಾರೆ, ವಿವರ ಗುಟ್ಟಾಗಿ ಇಡುತ್ತಾರೆ. ಇಲ್ಲಿಂದ ಮಾಹಿತಿ ಸ್ವೀಡನ್ನಿನ ಉಪ್ಸಲಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗಿನ ಕೇಂದ್ರಕ್ಕೂ ಹೋಗುತ್ತದೆ. ಮಾತ್ರೆಯೇ ಕಾರಣ ಅಂತ ನಾವು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಇದ್ದರೆ ಸಾಕು. ಇಷ್ಟನ್ನು ಹೇಳಿದ ಮೇಲೆ ಅವನು ಒಪ್ಪಿದ.

ಫಾರ್ಮು ತುಂಬಲು ಬೇಕಾದ್ದು ವಯಸ್ಸು, ಏನಾಯ್ತು, ಯಾವಾಗ ಶುರುವಾಯ್ತು, ಯಾವ ಔಷಧಿ, ಎಷ್ಟು ಡೋಸ್, ಯಾವತ್ತಿನಿಂದ ಯಾವತ್ತಿನವರೆಗೆ, ಮತ್ತು ತಿಳಿಸುವವರ ವಿವರ. ಸ್ಟ್ರಿಪ್ಪು, ಬಿಲ್ಲು, ಸಮ್ಮರಿ ಪಕ್ಕದಲ್ಲಿದ್ದರೆ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆಸ್ಪತ್ರೆಯ ಕಡೆಯಿಂದಲೂ ವೈದ್ಯರ ಫಾರ್ಮಿನಲ್ಲಿ ವರದಿ ಹೋಯಿತು. ಅದಕ್ಕೂ ಮೊದಲು ಆ ಹುಡುಗಿ ನರಾಂಜೊ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಅಂಕ ಹಾಕಿದ್ದಳು. ಔಷಧಿ ಶುರುವಾದ ಮೇಲೆ ಆಯ್ತಾ, ನಿಲ್ಲಿಸಿದ ಮೇಲೆ ಕಮ್ಮಿಯಾಯ್ತಾ, ಬೇರೆ ಕಾರಣ ಇತ್ತಾ, ಹೀಗೆ. 1981ರಿಂದ ಬಳಕೆಯಲ್ಲಿದೆಯಂತೆ. ಅತ್ತೆಯ ಲೆಕ್ಕದಲ್ಲಿ 'ಬಹುಮಟ್ಟಿಗೆ ಔಷಧಿಯಿಂದಲೇ' ಅಂತ ಬಂತು.

ತಿದ್ದಿದ ಸಮ್ಮರಿ ಬಂದ ಮೇಲೆ ಮೈದುನನೂ ನಾನೂ ಊರಿನ ಡಾಕ್ಟರ ಹತ್ತಿರ ಹೋದೆವು. ಕ್ಲಿನಿಕ್ ತುಂಬಿತ್ತು, ಕೊನೆಗೆ ಒಳಗೆ ಬಿಡಿ ಅಂತ ಕಾಂಪೌಂಡರಿಗೆ ಹೇಳಿದ್ದೆವು. ಡಾಕ್ಟರು ಸಮ್ಮರಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಇನ್ನೊಂದು ಮಾತ್ರೆ ಶುರು ಮಾಡಿರೋದು ನನಗೆ ಗೊತ್ತೇ ಇರಲಿಲ್ಲ ಕಣಪ್ಪ. ಗೊತ್ತಿದ್ದಿದ್ರೆ ಸೋಡಿಯಂ ಮಾಡಿಸಿ ಅಂತಿದ್ದೆ" ಅಂದರು. ಆ ಪರೀಕ್ಷೆಗೆ ನಮ್ಮ ಕಡೆ ಲ್ಯಾಬಿನಲ್ಲಿ 400 ರೂಪಾಯಿ. ಮೂತ್ರದ ಮಾತ್ರೆಯೋ ಮನಸ್ಸಿನ ಮಾತ್ರೆಯೋ ವಯಸ್ಸಾದವರಿಗೆ ಶುರುವಾದರೆ ಒಂದೆರಡು ವಾರಕ್ಕೆ ಈ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಅತ್ತೆಯ ಮಾತ್ರೆ ಪಟ್ಟಿ ಒಂದು ಹಾಳೆಯಲ್ಲಿದೆ. ಔಷಧಿಯ ಹೆಸರು, ಬ್ರ್ಯಾಂಡು, ಯಾತಕ್ಕೆ, ಯಾವಾಗಿನಿಂದ, ಯಾರು ಬರೆದದ್ದು. ಕೆಳಗೆ ಕೆಂಪು ಇಂಕಿನಲ್ಲಿ ಕೊಡಬಾರದ ಎರಡು ಹೆಸರು. ಒಂದು ಬೀರುವಿನ ಬಾಗಿಲಿಗೆ ಅಂಟಿದೆ, ಒಂದು ಅತ್ತೆಯ ಪರ್ಸಿನಲ್ಲಿ, ನಮ್ಮೆಲ್ಲರ ಫೋನಿನಲ್ಲೂ ಫೋಟೋ ಇದೆ. ಚೀಟಿ ಬದಲಾದರೆ ಅವತ್ತೇ ಹಾಳೆ ಬದಲಾಗಬೇಕು ಅಂತ ಓರಗಿತ್ತಿ ಕಾನೂನು ಮಾಡಿದ್ದಾಳೆ.

ಬಗೆಹರಿಯದೆ ಉಳಿದಿರುವುದು ಮಂಡಿ ನೋವು. ನೋವಿನ ಮಾತ್ರೆ ನುಂಗುವ ಹಾಗಿಲ್ಲ ಅಂತ ಅತ್ತೆಗೆ ಕೋಪ. ಪ್ಯಾರಾಸಿಟಮಾಲ್, ಬಿಸಿ ಶಾಖ, ಫಿಸಿಯೋಥೆರಪಿ ಮೂರೂ ನಡೆದಿದೆ. "ಅದೆಲ್ಲ ನಿಮ್ಮ ಸಮಾಧಾನಕ್ಕೆ" ಅನ್ನುತ್ತಾರೆ. ಬರುವ ಗುರುವಾರ ಮೂಳೆ ಡಾಕ್ಟರ ಹತ್ತಿರ ಟೋಕನ್ ತಗೊಂಡಿದ್ದೇವೆ. ಹಾಳೆಯನ್ನು ಮೊದಲು ಮೇಜಿನ ಮೇಲಿಟ್ಟು, ಆಮೇಲೆ ಮಾತು ಶುರು ಮಾಡುವುದು ಅಂತ ಮೈದುನನಿಗೆ ಹೇಳಿದ್ದೇನೆ.